ಚಂದನ ಮುಚ್ಚಬೇಕಾ, ಮೇಷ್ಟ್ರೇ?

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ದೂರದರ್ಶನದ ಚಂದನ, ಡಿಡಿ ಭಾರತಿ ಚಾನೆಲ್ ಇವನ್ನೆಲ್ಲ ಈಗ ಯಾರು ನೋಡ್ತಾರೆ ಸ್ವಾಮಿ? ಸಂಗೀತ, ಪಾಠ, ನಾಟಕ ಎಲ್ಲ ಯೂಟ್ಯೂಬ್‌ನಲ್ಲಿದೆ. ಇವನ್ನು ಮುಚ್ಚಿ ಆ ದುಡ್ಡನ್ನು ಹಳ್ಳಿ ಲೈಬ್ರರಿಗಳಿಗೆ ಕೊಡಬಾರದೇಕೆ?’

ಮೇಷ್ಟ್ರೇ, ಲೈಬ್ರರಿ ಅಂದಿರಲ್ಲ, ಅದಕ್ಕೊಂದು ನಮಸ್ಕಾರ. ನಿಮ್ಮ ದೂರಿನಲ್ಲಿ ನಿಜವೂ ಇದೆ. ಅದೇ ಹಳೇ ಸೆಟ್ಟು, ಅದೇ ಪ್ಲಾಸ್ಟಿಕ್ ಹೂವು, ನೋಡಿದ ಕಾರ್ಯಕ್ರಮವೇ ಮತ್ತೆ ಮತ್ತೆ. ಒಪ್ಪಿದೆ. ಮುಚ್ಚೋಣ ಅಂದರೆ ಮಾತ್ರ ಜಗಳಕ್ಕೆ ಬರುತ್ತೇನೆ.

ನಮ್ಮ ದೊಡ್ಡಮ್ಮ ಪಾಂಡವಪುರದ ಕಡೆಯವರು. ಓದು ಬರಹ ಇಲ್ಲ. ಒಂದು ಸಂಜೆ ಕಬ್ಬಿನ ಬಗ್ಗೆ ಏನೋ ಬರುತ್ತದೆ ಅಂತ ದೊಡ್ಡಪ್ಪ ಚಂದನ ಹಾಕಿಕೊಂಡು ಕೂತಿದ್ದರು. ಅದಕ್ಕೆ ಮುಂಚೆ ಗಮಕ, ಅಂದರೆ ಹಳೇ ಕಾವ್ಯವನ್ನು ರಾಗವಾಗಿ ಓದೋದು, ಶುರುವಾಯಿತು. ಕುಮಾರವ್ಯಾಸ ಭಾರತ. ಒಲೆ ಮುಂದಿದ್ದ ದೊಡ್ಡಮ್ಮ ಹಿಟ್ಟಿನ ಕೋಲು ಹಿಡಿದುಕೊಂಡೇ ನಡುಮನೆಗೆ ಬಂದು ನಿಂತರು. ಕೋಲಿನ ತುದಿಯಿಂದ ರಾಗಿ ಹಿಟ್ಟು ನೆಲಕ್ಕೆ ಬೀಳುತ್ತಿದೆ, ಅವರಿಗೆ ಗ್ಯಾನವಿಲ್ಲ, ಗಮಕಿ ಪದ್ಯದ ಕೊನೇ ಸಾಲಿಗೆ ಬರುವ ಮುಂಚೆಯೇ ಇವರ ತುಟಿ ಆಡುತ್ತಿದೆ. ಅವರಪ್ಪ ಗುಡಿ ಜಗಲಿಯಲ್ಲಿ ಭಾರತ ಓದಿಸುತ್ತಿದ್ದರಂತೆ. ಅಷ್ಟು ವರ್ಷ ಸಂಸಾರ ಮಾಡಿದ ದೊಡ್ಡಪ್ಪನಿಗೇ ಇದು ಗೊತ್ತಿರಲಿಲ್ಲ. ಆವತ್ತು ಮುದ್ದೆ ಬರೀ ಗಂಟು. ಯಾರೂ ತುಟಿ ಪಿಟಕ್ ಅನ್ನಲಿಲ್ಲ.

ಈಗ ಹೇಳಿ, ದೊಡ್ಡಮ್ಮ ಯೂಟ್ಯೂಬ್‌ನಲ್ಲಿ ಏನಂತ ಹುಡುಕಬೇಕಿತ್ತು? ಗಮಕ ಅನ್ನೋ ಪದವೇ ಅವರಿಗೆ ಗೊತ್ತಿಲ್ಲ. ಫೋನು ನಿನ್ನೆ ತಿಂದದ್ದನ್ನೇ ಇವತ್ತೂ ಬಡಿಸುತ್ತದೆ. ನಮ್ಮ ಮೈಸೂರಿನ ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಪೆಂಡಾಲ್ ಹತ್ತಿರ ಬಂದು ನೋಡಿ, ಹಾಲು ತರಲು ಹೊರಟವನು ಸ್ಕೂಟರ್ ಮೇಲೇ ಒಂದು ಕಾಲೂರಿಕೊಂಡು ಅರ್ಧ ಗಂಟೆ ಆಲಾಪನೆ ಕೇಳುತ್ತಾನೆ. ಅವನೇನು ಸಂಗೀತ ಕಚೇರಿಗೆ ಅಂತ ಹೊರಟಿದ್ದನಾ?

ಹೀಗೆ ಹುಡುಕದವರ ಕಿವಿಗೂ ಮುಟ್ಟಿಸೋ ಹುಚ್ಚು ಮೈಸೂರಿನವರಿಗೆ ಹಳೇದು. 1935ರಲ್ಲಿ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಪಾಠ ಹೇಳಿ, ಸಂಬಳ ತಗೊಂಡು ಸುಮ್ನೆ ಇರಬಹುದಿತ್ತು ಅಲ್ವಾ? ‘ಆಕಾಶವಾಣಿ’ ಅನ್ನೋ ಹೆಸರು ಆ ಮನೆಯದು, ಆಮೇಲೆ ಇಡೀ ದೇಶದ ರೇಡಿಯೋ ಅದನ್ನು ಇಟ್ಟುಕೊಂಡಿತು.

ಯೂಟ್ಯೂಬಿನ ಪಾಠ ಅಂದಿರಿ. 2020ರಲ್ಲಿ ಶಾಲೆ ಮುಚ್ಚಿದಾಗ ಹೈಸ್ಕೂಲ್ ಮಕ್ಕಳಿಗೆ ಚಂದನದಲ್ಲಿ ಪಾಠ ಬಂತು, ಮರೆತಿರಾ? ಎಷ್ಟೋ ಮನೆಗಳಲ್ಲಿ ಇದ್ದದ್ದೇ ಒಂದು ಫೋನು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಗದ್ದೆಯಲ್ಲಿ.

ಯಾರು ನೋಡ್ತಾರೆ ಅಂತ ಕೇಳೋ ಮೊದಲು, ಎಲ್ಲಿಟ್ಟಿದ್ದಾರೆ ಅಂತ ಕೇಳಿ. ದೂರದರ್ಶನದ ಚಾನೆಲ್ ಕೊಡಲೇಬೇಕು ಅಂತ 1995ರ ಕೇಬಲ್ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಯ ಕೇಬಲ್‌ನವನೂ ಕೊಟ್ಟಿದ್ದಾನೆ, ರಿಮೋಟ್ ಒತ್ತಿ ಒತ್ತಿ ಬೆರಳು ನೋಯಬೇಕು, ಅಷ್ಟು ಹಿಂದೆ. ಪತ್ರಿಕೆಗಳೂ ಟಿವಿ ಕಾರ್ಯಕ್ರಮದ ಪಟ್ಟಿ ಹಾಕೋದು ಬಿಟ್ಟವು. ನಮ್ಮದೂ ಸೇರಿ, ಜಾಗ ಇಲ್ಲ ಅಂತ. ರಾಶಿಭವಿಷ್ಯಕ್ಕೆ ಮಾತ್ರ ಇದೆ! ಒಂದು ತಿಂಗಳು ಅದನ್ನು ಬಿಟ್ಟಿದ್ದಕ್ಕೆ ಬಂದಷ್ಟು ಪತ್ರ, ಗಮಕದ ಮೇಲೆ ಆರು ಪುಟದ ಲೇಖನ ಹಾಕಿದಾಗ ಬರಲಿಲ್ಲ. ಕಲೆ ಸತ್ತೇ ಹೋಯಿತು ಅಂತ ಭಾಷಣ ಮಾಡೋರು ಬೇಕಾದಷ್ಟಿದ್ದಾರೆ. ಪುಕ್ಕಟೆ ಕಚೇರಿಯಲ್ಲೂ ಮೊದಲ ಸಾಲು ಖಾಲಿ. ಯಾಕಂದರೆ ಅದು ಅವರಿಗೇ ಕಾದಿರಿಸಿದ ಸಾಲು.

ಇನ್ನೊಂದು. ‘ಥಟ್ ಅಂತ ಹೇಳಿ’ಯಲ್ಲಿ ಸೋಮೇಶ್ವರ ಅವರು ಪ್ರಶ್ನೆ ಮುಗಿಸೋ ಮೊದಲೇ ಮೊಮ್ಮಗಳು ಉತ್ತರ ಕೂಗುತ್ತಾಳೆ ಅಂತ ಪತ್ರದ ಕೊನೆಯಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. 2002ರಲ್ಲಿ ಶುರುವಾದ ಆ ಕಾರ್ಯಕ್ರಮ ಯಾವ ಚಾನೆಲ್‌ನದು ಮೇಷ್ಟ್ರೇ? ಅಲ್ಲಿ ಸರಿ ಉತ್ತರಕ್ಕೆ ಕೊಡೋದೂ ಪುಸ್ತಕವನ್ನೇ. ಮುಚ್ಚೋಣವಾ ಅಂತ ಅವಳನ್ನೇ ಒಂದು ಮಾತು ಕೇಳಿ ನೋಡಿ.

ಅಂದ ಹಾಗೆ, ನಿಮ್ಮ ಚಂದಾ ಕಳೆದ ತಿಂಗಳೇ ಮುಗಿದಿದೆ.

(ಸಂ.)