169.254 ಅಂತ ಐಪಿ ಬಂದರೆ ವಿಂಡೋಸ್ ಮುಟ್ಟಬೇಡಿ, ಕೇಬಲ್ ನೋಡಿ

ತೀರ್ಥಹಳ್ಳಿ ಹತ್ತಿರ ಮನೆ, ಮೊನ್ನೆ ಗುಡುಗು ಮಳೆ ಬಂದ ಮೇಲೆ ಕಂಪ್ಯೂಟರಿಗೆ ನೆಟ್ ಇಲ್ಲ, ಮೊಬೈಲಿಗೆ ಮಾತ್ರ ವೈಫೈ ಸಿಗುತ್ತಿದೆ, ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) 169.254 ಅಂತ ಶುರುವಾಗುತ್ತದೆ, ವಿಂಡೋಸ್ ಮತ್ತೆ ಹಾಕಿಸಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ.

ಆ ನಂಬರೇ ಅರ್ಧ ಉತ್ತರ ಹೇಳಿಬಿಟ್ಟಿದೆ. ಕಂಪ್ಯೂಟರ್ ಆನ್ ಆದ ಕೂಡಲೇ "ನಂಗೊಂದು ವಿಳಾಸ ಕೊಡಿ" ಅಂತ ಕೂಗುತ್ತದೆ. ರೂಟರ್ ಒಳಗಿರುವ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ವ್ಯವಸ್ಥೆ, 192.168.1.5 ಥರದ್ದೊಂದು ಕೊಡುತ್ತದೆ. ಯಾರೂ ಓಗೊಡದಿದ್ದರೆ ಕಂಪ್ಯೂಟರ್ ತಾನೇ 169.254ರಲ್ಲಿ ಒಂದು ವಿಳಾಸ ಇಟ್ಟುಕೊಂಡು ಕೂರುತ್ತದೆ, ಅದರಿಂದ ಹೊರಗಿನ ನೆಟ್ ಸಿಗಲ್ಲ. ಮೊಬೈಲಿಗೆ ವಿಳಾಸ ಸಿಕ್ಕಿದೆ ಅಂದರೆ ರೂಟರ್ ಕೊಡುತ್ತಿದೆ, ನಿಮ್ಮ ಕಂಪ್ಯೂಟರಿನ ಕೂಗು ಅಲ್ಲಿಗೆ ಮುಟ್ಟುತ್ತಿಲ್ಲ ಅಷ್ಟೆ. (ಮೊಬೈಲ್ ಡೇಟಾ ಆಫ್ ಮಾಡಿ ನೋಡಿದ್ದೀರಿ ಅಲ್ವಾ?)

ನಮ್ಮದು ಹೊಸನಗರ ಕಡೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಸಿಡಿಲು ಹೊಡೆದ ಮಾರನೇ ದಿನ ನನಗೂ ಇದೇ ಆಯಿತು. ರೂಟರಿನ ಮುಂದಿನ ಲೈಟೆಲ್ಲ ಚೆನ್ನಾಗಿಯೇ ಉರಿಯುತ್ತಿತ್ತು, ಅದನ್ನು ನೋಡಿಕೊಂಡು ನಾನು ಇಡೀ ದಿನ ಡ್ರೈವರ್ ತೆಗೆಯೋದು, ಹಾಕೋದು, ನೆಟ್‌ನವರಿಗೆ ಫೋನ್ ಮಾಡಿ ಬೈಯೋದು, ಇದನ್ನೇ ಮಾಡಿದೆ. ಸಂಜೆ ಅಕ್ಕನ ಮಗ ಬಂದವನು ರೂಟರಿನ ಹಿಂದೆ ಬಗ್ಗಿ ನೋಡಿ, "ಮಾವ, ಇಲ್ಲಿ ಲೈಟೇ ಇಲ್ವಲ್ಲ" ಅಂದ. ಕೇಬಲ್ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದ. ಟಕ್ ಅಂತು, ಹಸಿರು ದೀಪ ಮಿಣಮಿಣ ಅಂತು, 192.168 ಬಂತು. ಆ ಒಂದು ಪೋರ್ಟ್ ಮಾತ್ರ ಸುಟ್ಟಿತ್ತು! ಮರುವರ್ಷ ಮತ್ತೆ 169.254. ಆ ಸಲ ಸಿಡಿಲಲ್ಲ, ಅಟ್ಟದಲ್ಲಿ ಅಡಿಕೆ ಮೂಟೆಯ ಹಿಂದೆ ಇಲಿ ಕೇಬಲ್ ಕಡಿದಿತ್ತು.

ಹಾಗಾಗಿ ಕೇಬಲಿನ ಎರಡೂ ತುದಿಯ ಸಣ್ಣ ಲೈಟ್ ನೋಡಿ. ಇಲ್ಲದಿದ್ದರೆ ಪೋರ್ಟ್ ಬದಲಿಸಿ, ಆಮೇಲೆ ಬೇರೆ ಕೇಬಲ್ ಹಾಕಿ. ಎರಡಕ್ಕೂ ಬಗ್ಗದಿದ್ದರೆ ಕಂಪ್ಯೂಟರಿನದೇ ಲ್ಯಾನ್ ಪೋರ್ಟ್ ಹೋಗಿರಬಹುದು, ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ತಂದರೆ ಸಾಕು, ಹೊಸ ಮದರ್‌ಬೋರ್ಡ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಲೈಟ್ ಇದ್ದೂ 169.254 ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ipconfig /renew ಅಂತ ಟೈಪ್ ಮಾಡಿ ಎಂಟರ್ ಕೊಡಿ, ಕಂಪ್ಯೂಟರ್ ಮತ್ತೆ ವಿಳಾಸ ಕೇಳುತ್ತದೆ. 192.168 ಬಂದ ಮೇಲೂ ನೆಟ್ ಇಲ್ಲವಾ? ಮೊದಲು ಗೇಟ್‌ವೇಗೆ (ಅಂದರೆ ನಿಮ್ಮ ರೂಟರಿನ ವಿಳಾಸಕ್ಕೆ), ಆಮೇಲೆ 8.8.8.8ಕ್ಕೆ (ಹೊರಗಿರುವ ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಅಂದರೆ ping ಅಂತ ಬರೆದು ಪಕ್ಕದಲ್ಲಿ ಆ ವಿಳಾಸ ಹಾಕಿ ಉತ್ತರ ಬರುತ್ತಾ ನೋಡಿ. ಗೇಟ್‌ವೇ ಉತ್ತರ ಕೊಟ್ಟು 8.8.8.8 ಸುಮ್ಮನಿದ್ದರೆ ಆಗ ನೆಟ್‌ನವರಿಗೆ ಫೋನ್ ಮಾಡಿ. ಎರಡೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಸೆಟ್ಟಿಂಗ್ ನೋಡಬೇಕು.

ಇನ್ನೊಂದು, ಗುಡುಗು ಬರುವ ಹಾಗಿದ್ದರೆ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾಗುವ ಮೊದಲೇ ಪ್ಲಗ್ಗೂ ಕೀಳಿ, ಲ್ಯಾನ್ ಕೇಬಲ್ಲೂ ಕೀಳಿ. ಫೈಬರ್ ಎಳೆ ಗಾಜಿನದು, ಅದರೊಳಗೆ ಕರೆಂಟ್ ಹರಿಯಲ್ಲ, ಆದರೆ ಲ್ಯಾನ್ ಕೇಬಲ್ ತಾಮ್ರದ್ದು, ಅದರಲ್ಲಿ ಹರಿಯುತ್ತದೆ.

ಈಗ ರೂಟರ್ ಹಿಂದೆ ಬಗ್ಗಿ, ನಿಮ್ಮ ಪೋರ್ಟಿನ ಲೈಟ್ ಉರಿಯುತ್ತಾ ಇಲ್ವಾ ನೋಡಿ ಹೇಳಿ.