ಕಷ್ಟದಲ್ಲಿ ದೇವರ ಯಾವ ವಾಗ್ದಾನ ಹಿಡಿದುಕೊಳ್ಳಬೇಕು?

ಕಷ್ಟಕಾಲದಲ್ಲಿ ಬೈಬಲಿನ ಯಾವ ಮಾತು ಆಸರೆ ಅಂತ ಕೇಳಿದ್ದೀರಿ. ಬಹಳ ಮಂದಿ ಪ್ರವಾದಿ ಯೆರೆಮೀಯನ ಪುಸ್ತಕದ 29:11 ತೋರಿಸುತ್ತಾರೆ, ಕ್ಯಾಲೆಂಡರಿನಲ್ಲೂ ಅದೇ ವಚನ: ನಿಮಗೆ ಕೇಡಲ್ಲ, ಒಳ್ಳೆಯ ಭವಿಷ್ಯ ಕೊಡುವುದೇ ನನ್ನ ಯೋಚನೆ ಅನ್ನುತ್ತಾನೆ ದೇವರು. ಆದರೆ ಅದರ ಹಿಂದಿನ ವಚನಗಳನ್ನೂ ಓದಿ. ಅದು ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಯೆರೆಮೀಯ ಬರೆದ ಕಾಗದ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿದ್ದ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ. ಯೆರೆಮೀಯ ಹೇಳಿದ್ದು 70 ವರ್ಷ! ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕೂ ಪ್ರಾರ್ಥಿಸಿ ಎಂದ.

ನನಗೆ ಇನ್ನೂ ಹಿಡಿಸುವುದು 32ನೇ ಅಧ್ಯಾಯ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ, ಈ ನಾಡಿನಲ್ಲಿ ಜನ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಎಂಬ ದೇವರ ಮಾತು ಹಿಡಿದು, ತನ್ನೂರು ಅನಾತೋತಿನ ಹೊಲವನ್ನು 17 ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ ತೂಗಿ ಕೊಳ್ಳುತ್ತಾನೆ. ಸಾಕ್ಷಿ, ಮುದ್ರೆ ಎಲ್ಲ ಪದ್ಧತಿಯಂತೆ. ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಅವನಿಗೇನು ಅಳುಕು ಇರಲಿಲ್ಲವೆಂದಲ್ಲ: ಊರು ಶತ್ರುವಿನ ಕೈಸೇರುತ್ತಿದೆ, ನೀನು ನೋಡಿದರೆ ಹೊಲ ಕೊಳ್ಳು ಅಂದೆಯಲ್ಲ ಎಂದು ಆಮೇಲೆ ದೇವರ ಮುಂದೆಯೇ ತೋಡಿಕೊಳ್ಳುತ್ತಾನೆ.

ಪ್ರಾರ್ಥನೆಗೆ ಮಾತೇ ಬಾರದ ದಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಬರೀ ಆರು ವಚನ. ಹೀಬ್ರೂ ಮೂಲದಲ್ಲಿ 'ಇನ್ನೆಷ್ಟು ಕಾಲ' ಎಂಬ ಮೊರೆ ಶುರುವಿನಲ್ಲೇ ನಾಲ್ಕು ಸಲ ಬರುತ್ತದೆ. ಭರವಸೆಯ ಮಾತು ಬರುವುದು ಅದಾದ ಮೇಲೆ, ಐದನೆಯ ವಚನದಲ್ಲಿ.