‘ರಕ್ತದಾಗ ಓಟ ಐತಿ ಬಿಡು’

(ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಹುಡುಗನಿಗೆ ಹದಿನೇಳು. ಊರು ಯಲ್ಲಾಪುರದ ಕಡೆ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕುಟುಂಬ. ಬಳ್ಳಾರಿಯ ಕ್ರೀಡಾ ಹಾಸ್ಟೆಲೊಂದರಲ್ಲಿದ್ದು 400 ಮೀಟರ್ ಓಡುತ್ತಾನೆ. ಕೊನೆಯ ನೂರು ಮೀಟರ್‌ನಲ್ಲಿ ಬೇಕಂತಲೇ ಕಾಲು ಬಿಗಿಹಿಡಿಯುತ್ತಾನೆ ಎಂದು ವಾರ್ಡನ್ ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದಿದ್ದರು.

ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲಲ್ಲೂ ಅವನು ತುಂಬುತೋಳಿನ ಜಾಕೆಟ್ ತೆಗೆಯಲಿಲ್ಲ. “ಇನ್ನೂ ಕಪ್ಪಾಗ್ತೀನಿ ಮೇಡಂ” ಎಂದ.

ಮೆಸ್‌ನಲ್ಲಿ ಅವನ ಹೆಸರು ‘ಆಫ್ರಿಕಾ’. “ಲೇ ಆಫ್ರಿಕಾ, ಸಾರು ಈ ಕಡಿ ಕೊಡಲೇ.” ಕನ್ನಡದಲ್ಲೇ ಉತ್ತರ ಕೊಟ್ಟರೂ “ಇವಗ ಕನ್ನಡ ಬರ್ತೈತೇನು?” ಎಂಬ ನಗೆ. ಇದನ್ನೆಲ್ಲ ನುಂಗಿಕೊಂಡಿದ್ದ. ನುಂಗಲಾಗದ್ದು ಕೋಚ್ ಮಾಡುವ ಹೊಗಳಿಕೆ. ಗೆದ್ದ ದಿನ “ನಿಮ್ಮೋರಿಗೆ ರಕ್ತದಾಗ ಓಟ ಐತಿ ಬಿಡು.” ಸೋತ ದಿನ “ಮೈಗಳ್ಳ.”

ತಾಯಿಗೆ ಫೋನ್ ಮಾಡಿದೆ. ಅವರ ಅಂಜಿಕೆ ಹಳೆಯದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದದ್ದೂ ಇದೇ ರಕ್ತದ ಲೆಕ್ಕದ ಮೇಲೆ: ಆಫ್ರಿಕಾ ಮೂಲದವರು, ಪದಕ ತಂದಾರು. 1993ಕ್ಕೆ ಯೋಜನೆ ನಿಂತಿತು. ಹಾಗೆ ಹೋಗಿ ಮರಳಿದವರಲ್ಲಿ ಹುಡುಗನ ಸೋದರಮಾವನೂ ಒಬ್ಬ. ಆಮೇಲೆ ಅವರು ಮೈದಾನದ ಮಾತೇ ಎತ್ತಿಲ್ಲವಂತೆ.

ನಾನು ಮೊದಲು ಎಡವಿದೆ. 2021ರ ಸಿಡ್ನಿ ಟೆಸ್ಟ್‌ನಲ್ಲಿ ಪ್ರೇಕ್ಷಕರು ಬೈದಾಗ ಬೌಲರ್ ಸಿರಾಜ್ ಸುಮ್ಮನಿರದೆ ಅಂಪೈರ್‌ಗೆ ಹೇಳಿದ್ದು, ಆಟ ನಿಂತದ್ದು, ಆರು ಮಂದಿಯನ್ನು ಹೊರಗೆ ಕಳಿಸಿದ್ದು ಎಲ್ಲ ವಿವರಿಸಿದೆ. “ಅವರಿಗೆ ಅಂಪೈರ್ ಇದ್ರು. ನಂಗೆ ಯಾರಿದಾರೆ?” ಎಂದ. ಸರಿಯಾದ ಪ್ರಶ್ನೆ.

ಮುಂದಿನ ಸಲ ಅವನ ಟೈಮಿಂಗ್ ಬರೆಯುವ ನೋಟ್‌ಬುಕ್ ತರಿಸಿದೆ. ಜೂನ್‌ನಲ್ಲಿ 54.8, ಜನವರಿಯಲ್ಲಿ 51.6. “ಈ ಮೂರು ಸೆಕೆಂಡ್ ರಕ್ತದಲ್ಲಿ ಮೊದಲೇ ಇತ್ತೇನೋ ತಮ್ಮಾ?” ಬಹಳ ಹೊತ್ತು ಪುಟ ನೋಡಿದ. “ಮಳೆಗಾಲ ಪೂರ್ತಿ ಮೆಟ್ಟಿಲು ಹತ್ತಿದ್ದು” ಎಂದ. ಆ ಪುಟವನ್ನೇ ಕೋಚ್ ಮುಂದಿಡಲು ಹೇಳಿದೆ. ಜೊತೆಗೆ ನಾನೂ ಹೋದೆ. “ಹೊಗಳಿದ್ದೂ ತಪ್ಪಾ?” ಎಂದು ಅವರು ಸಿಡುಕಿದರು, ಆದರೆ ನೋಟ್‌ಬುಕ್ ಪೂರ್ತಿ ತಿರುವಿಹಾಕಿದರು.

ಅಡ್ಡಹೆಸರಿನ ವಿಷಯಕ್ಕೆ ದಿನಾಂಕ, ಆಡಿದವರು, ಆಡಿದ ಮಾತು ಬರೆದಿಟ್ಟು ವಾರ್ಡನ್‌ಗೆ ಲಿಖಿತವಾಗಿ ಕೊಡು ಎಂದೆ. ಮಕ್ಕಳ ಸಹಾಯವಾಣಿ 1098, ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಎರಡನ್ನೂ ತಿಳಿಸಿದೆ. ಕೇಸು ಈಗ ಬೇಡ ಎಂದ. ಒತ್ತಾಯ ಮಾಡಲಿಲ್ಲ.

ಇನ್ನೆರಡು ಭೇಟಿ ಬಾಕಿ. ‘ಆಫ್ರಿಕಾ’ ಎನ್ನುವುದು ವಾರ್ಡನ್ ಎದುರಿಗೆ ನಿಂತಿದೆ, ಮೆಸ್‌ನಲ್ಲಿ ನಿಂತಿಲ್ಲ. ಜಾಕೆಟ್ ಇನ್ನೂ ಹಾಕುತ್ತಾನೆ, ಓಡುವಾಗ ಮಾತ್ರ ತೆಗೆಯುತ್ತಾನೆ.